ಕಲ್ಲಿನ ಪಠ್ಯಪುಸ್ತಕ

ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ವಿದ್ಯೆ ಗಂಟೆಯ ಲೆಕ್ಕದಲ್ಲಿ ನಡೆಯುತ್ತದೆ. ಗಂಟೆ ಹೊಡೆಯಿತೆಂದರೆ ಕನ್ನಡದ ಪುಸ್ತಕ ಚೀಲ ಸೇರಿ ಗಣಿತದ ಪುಸ್ತಕ ಹೊರಬರುತ್ತದೆ. ಎರಡಕ್ಕೂ ಇರುವ ನೆಂಟಸ್ತಿಕೆ ಮಗುವಿಗೆ ತಿಳಿಯುವುದೇ ಇಲ್ಲ. ಅದನ್ನು ಕಾಣಿಸಿಕೊಡುವ ಪಠ್ಯಪುಸ್ತಕವೊಂದು ಹೆಬ್ಬಾಳದಲ್ಲಿದೆ, ಅದು ಕಲ್ಲಿನದು.

2018ರಲ್ಲಿ ಅಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದರಲ್ಲಿ ಈ ಸೀಮೆಯ ಹೆಸರು ‘ಪೆರ್ಬೊಳಲ್‌ನಾಡು’. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆರ್ಬೊಳಲ್ ಹೆಬ್ಬಾಳವಾಯಿತು. ಬಸ್ಸಿನ ಫಲಕದಲ್ಲಿ ದಿನವೂ ಓದುವ ಹೆಸರೇ ಇಲ್ಲಿ ವ್ಯಾಕರಣದ ಪಾಠ. ನಡುವಿನ 1250 ವರ್ಷಗಳನ್ನು ತಲೆಮಾರಿಗೆ 25ರಂತೆ ಭಾಗಿಸಿದರೆ 50 ತಲೆಮಾರು, ಅದು ಗಣಿತ. ಅರಸನಲ್ಲದ ಕಿತ್ತಯ್ಯನ ಹೆಸರು ಕಲ್ಲಿಗೇರಿದ್ದೇಕೆ? ಅದು ಸಮಾಜಶಾಸ್ತ್ರ. ಮಳೆಬಿಸಿಲು ಶಿಲೆಯನ್ನು ಸವೆಸುವುದೆಂತು? ಅದು ವಿಜ್ಞಾನ.

ಇಂದಿನ ಹೆಬ್ಬಾಳದ ತರಗತಿಯಲ್ಲಿ ತಮಿಳು, ತೆಲುಗು ಮನೆಮಾತಿನ ಮಕ್ಕಳೂ ಕುಳಿತಿರುತ್ತಾರೆ. ಕನ್ನಡದ ಪಾಠದಲ್ಲಿ ಇವರು ಹಿಂದುಳಿದವರೆಂದು ನಾವು ಭಾವಿಸುತ್ತೇವೆ. ಆದರೆ ಹಾಲಿಗೆ ಆ ಮನೆಗಳಲ್ಲಿ ಈಗಲೂ ‘ಪಾಲ್’, ‘ಪಾಲು’ ಎಂದೇ ಹೆಸರು! ಶಾಸನಕಾಲದ ಕನ್ನಡಕ್ಕೆ ಬೀಗದ ಕೈ ಆ ಮಕ್ಕಳ ಬಾಯಲ್ಲೇ ಇದೆ.

ಪರೀಕ್ಷೆಗೆ ಇದು ಬಾರದೆಂಬ ಆಕ್ಷೇಪವನ್ನು ನಾನು ಬಲ್ಲೆ. ವೇಳಾಪಟ್ಟಿಯನ್ನು ಕಿತ್ತೊಗೆಯಿರೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಂದು ದಿನ ಗಂಟೆ ಹೊಡೆಯದೆ, ಮಕ್ಕಳನ್ನು ಆ ಕಲ್ಲಿನ ಮುಂದೆ ನಿಲ್ಲಿಸಿ. ಮೊದಲ ಪ್ರಶ್ನೆಯನ್ನು ಅವರೇ ಕೇಳಲಿ.