ಸಿಪಾಯಿಯ ಕವಚ ಯಾರ ಖರ್ಚಿನಲ್ಲಿ?



ಸೈನಿಕನಿಗೆ ಬೇಕಾದ ಸಾಮಾನನ್ನೆಲ್ಲ ಸರ್ಕಾರವೇ ಒದಗಿಸುತ್ತದೆ ಎಂದು ನಾವು ತಿಳಿದಿದ್ದೇವೆ. ಈ ಪದ್ಧತಿ ಅಷ್ಟೇನೂ ಹಳೆಯದಲ್ಲ. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಸದಾ ಸಜ್ಜಾಗಿ ಇಟ್ಟಿರಬೇಕಾಗಿತ್ತು. ಅವರೇ ಸಿಲ್ಲೇದಾರರು. ಸಿಲ್ಲೇದಾರನೆಂದರೆ ಕುದುರೆ, ಜೀನು, ಕತ್ತಿ ಎಲ್ಲವನ್ನೂ ತಾನೇ ತಂದು ಚಾಕರಿಗೆ ಸೇರುವವನು. ಸರ್ಕಾರದ ಕುದುರೆ ಏರುವವನು ಬಾರ್ಗೀರ. ಕುದುರೆ ಸತ್ತರೆ ಸಿಲ್ಲೇದಾರನ ಬದುಕೇ ಮುರಿದುಬೀಳುತ್ತಿತ್ತು. ಆದ್ದರಿಂದ ಅವನು ಅದನ್ನು ಅಪಾಯಕ್ಕೆ ಒಡ್ಡಲು ಹಿಂಜರಿಯುತ್ತಾನೆ ಎಂಬ ಆಕ್ಷೇಪ ಬಹು ಹಿಂದಿನಿಂದಲೂ ಇತ್ತು. ಹಿಂಜರಿಯದೆ ಇನ್ನೇನು ಮಾಡಿಯಾನು?

ಬ್ರಿಟಿಷರೂ ತಮ್ಮ ಭಾರತೀಯ ಅಶ್ವದಳದ ಬಹುಭಾಗವನ್ನು ಇದೇ ಕ್ರಮದಲ್ಲಿ ನಡೆಸಿದರು, ಅಗ್ಗವಾಗಿತ್ತು. ಮೊದಲ ಮಹಾಯುದ್ಧದಲ್ಲಿ ಕುದುರೆ, ಸಾಮಾನು ಎರಡೂ ರಾಶಿರಾಶಿಯಾಗಿ ಹಾಳಾದಾಗ ಸವಾರ ಎಲ್ಲಿಂದ ಕೊಂಡು ತಂದಾನು? 1921ರ ಹೊತ್ತಿಗೆ ಪದ್ಧತಿ ಮುಗಿಯಿತು.

ಅಧಿಕಾರಿಗಳ ಕಥೆ ಬೇರೆ. ಬ್ರಿಟಿಷ್ ಅಧಿಕಾರಿ ಕತ್ತಿ, ಪಿಸ್ತೂಲುಗಳನ್ನು ಸ್ವಂತ ಹಣದಿಂದಲೇ ಕೊಳ್ಳಬೇಕಿತ್ತು. ಬೆಂಗಳೂರಿನ ದಂಡಿನಲ್ಲಿದ್ದ ವಿನ್‌ಸ್ಟನ್ ಚರ್ಚಿಲ್, 1896ರಲ್ಲಿ ಮುಂಬಯಿಯಲ್ಲಿ ಹಡಗಿನಿಂದ ಇಳಿಯುವಾಗಲೇ ಭುಜದ ಕೀಲು ತಪ್ಪಿಸಿಕೊಂಡಿದ್ದರು. 1898ರಲ್ಲಿ ಸೂಡಾನಿನ ಓಮ್‌ಡರ್ಮನ್ ಕಾಳಗದಲ್ಲಿ ಅವರು ಕತ್ತಿ ಬಿಟ್ಟು, ತಾವೇ ಕೊಂಡಿದ್ದ ಮೌಸರ್ ಪಿಸ್ತೂಲು ಹಿಡಿದರು. ಇಂಥ ಖರೀದಿಗೆ ಸೇನೆ ಹಾಕುತ್ತಿದ್ದ ಮುಖ್ಯ ಕಟ್ಟಳೆ ಒಂದೇ: ಪಿಸ್ತೂಲು ಯಾರದೇ ಇರಲಿ, ಅದಕ್ಕೆ ಸರ್ಕಾರಿ ಗುಂಡು ಹಿಡಿಸಬೇಕು. ಯುದ್ಧಭೂಮಿಯಲ್ಲಿ ಬೇರೆ ಗುಂಡು ಸಿಗುವುದೆಲ್ಲಿ!

ಈ ಪ್ರಶ್ನೆ ಮತ್ತೆ ತಲೆಯೆತ್ತಿದ್ದು 2003ರಲ್ಲಿ, ಅಮೆರಿಕವು ಇರಾಕಿಗೆ ಸೇನೆ ಕಳಿಸಿದಾಗ. ಬುಲೆಟ್ ಪ್ರೂಫ್ ಜಾಕೆಟ್ಟಿನ ಒಳಗೆ ಇಡುವ ಪಿಂಗಾಣಿ ಫಲಕಗಳು ಎಲ್ಲರಿಗೂ ಸಾಲಲಿಲ್ಲ. ಊರಿನಲ್ಲಿದ್ದ ತಂದೆತಾಯಿ, ಹೆಂಡತಿಯರು ಸಾಲಸೋಲ ಮಾಡಿ ಅಂಗಡಿಯಿಂದ ಕವಚ ಕೊಂಡು ಕಳಿಸಿದರು. ಈ ಹಣವನ್ನು ಹಿಂದಿರುಗಿಸಬೇಕೆಂದು ಸೆನೆಟರ್ ಕ್ರಿಸ್ಟೊಫರ್ ಡಾಡ್ ಪಟ್ಟು ಹಿಡಿದರು. ಇದೊಂದು ಕೆಟ್ಟ ಮೇಲ್ಪಂಕ್ತಿಯಾದೀತು ಎಂದು ರಕ್ಷಣಾ ಇಲಾಖೆ ವಿರೋಧಿಸಿತು. ಆದರೂ 2004ರ ಅಕ್ಟೋಬರಿನಲ್ಲಿ ಕಾಯಿದೆಯಾಯಿತು: ಒಂದು ವಸ್ತುವಿಗೆ 1,100 ಡಾಲರುಗಳವರೆಗೆ. ಇಲಾಖೆ ಅದರ ನಿಯಮ ರೂಪಿಸಲು ಮತ್ತೊಂದು ವರ್ಷ ತೆಗೆದುಕೊಂಡಿತು.

ಅದಾಗಿ ಕೆಲವೇ ತಿಂಗಳಲ್ಲಿ, 2006ರ ಮಾರ್ಚಿನಲ್ಲಿ, ಭೂಸೇನೆ ಸ್ವಂತ ಖರೀದಿಯ ಕವಚಗಳನ್ನೇ ನಿಷೇಧಿಸಿತು. ಮುಖ್ಯ ಗುರಿ ‘ಡ್ರ್ಯಾಗನ್ ಸ್ಕಿನ್’ ಎಂಬ ಕವಚ. ಮೀನಿನ ಪೊರೆಗಳಂತೆ ಒಂದರ ಮೇಲೊಂದು ಜೋಡಿಸಿದ ಬಿಲ್ಲೆಗಳು. ಮೈಗೆ ಒಗ್ಗುತ್ತದೆ, ಹೆಚ್ಚು ಭಾಗ ಮುಚ್ಚುತ್ತದೆ ಎಂದು ಸೈನಿಕರಿಗೆ ಅದರ ಮೇಲೆ ಬಹಳ ನಂಬಿಕೆ. ಪರೀಕ್ಷೆಯಾಗದ ಕವಚವನ್ನು ನಂಬುವಂತಿಲ್ಲ ಎಂದಿತು ಸೇನೆ. ಸೇನೆ ತಾನೇ ಪರೀಕ್ಷೆ ನಡೆಸಿದ್ದು ನಿಷೇಧದ ನಂತರ, ಮೇ ತಿಂಗಳಲ್ಲಿ; ಫಲಿತಾಂಶ ಬಹಿರಂಗಪಡಿಸಿದ್ದು 2007ರ ಮೇನಲ್ಲಿ, ಅದೂ ಟಿ.ವಿ.ಯಲ್ಲಿ ಗದ್ದಲವಾದ ಮೇಲೆ. ಬಿಸಿಗೆ ಅಂಟು ಸಡಿಲಿ ಬಿಲ್ಲೆಗಳು ಜಾರಿದವು, ಗುಂಡುಗಳು ಒಳಹೊಕ್ಕವು ಎಂದು ಸೇನೆ ಹೇಳಿತು. ತಯಾರಕರು ಒಪ್ಪಲಿಲ್ಲ.

ಸೇನೆಯ ವಾದದಲ್ಲಿ ಹುರುಳಿದೆ. ಇರಾಕಿನ ಬಿಸಿಲಿನಲ್ಲಿ ಅಂಟು ನಿಲ್ಲುವುದೋ ಇಲ್ಲವೋ ಎಂದು ಊರಿನ ತಾಯಿ ಹೇಗೆ ಪರೀಕ್ಷಿಸಿಯಾಳು? ಆದರೆ ಫಲಕ ಕೊಡಲಾಗದ ದಿನಗಳಲ್ಲಿ ಸುಮ್ಮನಿದ್ದು, ಕೊಟ್ಟ ಮೇಲೆ ಶಿಸ್ತಿನ ಮಾತೆತ್ತಿದ ಇಲಾಖೆಯನ್ನು ಆ ತಾಯಿ ಅನುಮಾನದಿಂದ ನೋಡಿದರೆ ತಪ್ಪೆನ್ನಲಾಗದು.

ಅದೇ ಸೇನೆ ಸಣ್ಣ ವಿಷಯಗಳಲ್ಲಿ ಬೇರೊಂದು ದಾರಿ ಹಿಡಿದಿದೆ. ಗೊತ್ತುಪಡಿಸಿದ ಎತ್ತರ, ಬಣ್ಣಗಳಿಗೆ ಹೊಂದುವಂತಿದ್ದರೆ ಬೂಟನ್ನು ಸೈನಿಕ ಅಂಗಡಿಯಿಂದ ಕೊಳ್ಳಬಹುದು. ಕಣ್ಣಿನ ರಕ್ಷಣೆಯ ಕನ್ನಡಕಗಳನ್ನು ಸೇನೆಯೇ ಪರೀಕ್ಷಿಸಿ, ಪಾಸಾದವುಗಳ ಪಟ್ಟಿ ಪ್ರಕಟಿಸುತ್ತದೆ. ಅದರಲ್ಲಿ ತನಗೆ ಒಪ್ಪುವುದನ್ನು ಸೈನಿಕ ಆರಿಸಿಕೊಳ್ಳಬಹುದು.