ಶ್ರೀಶೈಲದ ಕಾಲುದಾರಿ

ಸಮುದ್ರದ ಕರೆಯನ್ನು ಹಿಡಿದು ನೂರಾರು ಮೈಲಿ ನಡೆದು, ಅಲ್ಲಲ್ಲಿ ತಂಗಿ, ನೋಟವನ್ನು ಸವಿದು ಮುಂದುವರಿಯುವ ಪಾದಚಾರಿಗಳ ವೃತ್ತಾಂತಗಳನ್ನು ನಾವು ಕುತೂಹಲದಿಂದ ಓದುತ್ತೇವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಗೆ ಸಮುದ್ರವಿಲ್ಲ. ಆದರೆ ಕೃಷ್ಣೆಯುಂಟು, ಘಟಪ್ರಭೆಯುಂಟು, ಮತ್ತು ಅಲ್ಲಿಂದ ಪೂರ್ವಾಭಿಮುಖವಾಗಿ ಹೊರಡುವ ಒಂದು ಹಳೆಯ ಕಾಲುದಾರಿಯುಂಟು. ಅದು ಶ್ರೀಶೈಲದ ದಾರಿ. ಈ ಹೊತ್ತು ಅದರ ತಂಗುದಾಣಗಳನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಪ್ರತಿವರ್ಷವೂ ಹೋಳಿಹುಣ್ಣಿಮೆಯ ಆಸುಪಾಸಿನಲ್ಲಿ ಈ ಊರುಗಳಿಂದ ತಂಡತಂಡವಾಗಿ ಜನರು ಹೊರಡುತ್ತಾರೆ. ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಬಗಲಲ್ಲಿ ಬುತ್ತಿಯ ಗಂಟು. ಯುಗಾದಿಯ ಹೊತ್ತಿಗೆ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸೇರಬೇಕು. ದಾರಿ 250 ಮೈಲಿಗೂ ಮಿಕ್ಕದ್ದು. ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡೇ ನಡೆಯುವುದುಂಟು. ಭ್ರಮರಾಂಬೆ ಕನ್ನಡನಾಡಿನ ಮಗಳು, ಮಲ್ಲಯ್ಯ ನಮ್ಮ ಅಳಿಯ ಎಂಬುದು ಇವರ ನಂಬಿಕೆ. ಆದುದರಿಂದ ಇವರದು ಬರಿಯ ಯಾತ್ರೆಯಲ್ಲ. ಹಬ್ಬಕ್ಕೆ ಮಗಳಿಗೆ ಸೀರೆ, ಅರಿಸಿನ, ಕುಂಕುಮಗಳನ್ನು ಒಯ್ಯುವ ತವರಿನವರ ಪ್ರಯಾಣ. ಮಗ್ಗದ ಸದ್ದಿನಲ್ಲಿಯೇ ಬೆಳೆದ ರಬಕವಿ-ಬನಹಟ್ಟಿಗಳಂಥ ಊರಿನವರಿಗೆ ಸೀರೆಯ ಈ ಕಾಣಿಕೆ ಎಷ್ಟು ಸಹಜವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಜಮಖಂಡಿಯ ಕಡೆಯಿಂದ ಬೀಳಗಿಯನ್ನು ದಾಟಿ ಅನಗವಾಡಿಯ ಸೇತುವೆಗೆ ಬಂದರೆ ಮೊದಲನೆಯ ದೊಡ್ಡ ನೋಟ ಎದುರಾಗುತ್ತದೆ: ಘಟಪ್ರಭೆಯ ಮೇಲೆ ಹರಡಿದ ಹಿನ್ನೀರು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಮುಂದೆ ನೀರು ನಿಂತಂತೆ ಈ ಸೀಮೆಯ ಎಷ್ಟೋ ಹೊಲಗಳೂ ಹಳ್ಳಿಗಳೂ ಬಾಗಲಕೋಟೆಯ ಹಳೆಯ ಕೇರಿಗಳೂ ಮುಳುಗಿದವು. ನೋಡುವವನಿಗೆ ಇದು ಸೊಬಗು. ಹೊಲ ಕಳೆದುಕೊಂಡವನಿಗೆ ನೀರಿನಡಿಯ ನೆಲದ ನೆನಪು. ಒಂದೇ ಸೇತುವೆಯ ಮೇಲೆ ಇಬ್ಬರೂ ನಡೆಯುತ್ತಾರೆ.

ಸ್ವಲ್ಪ ಬಳಸಿದರೆ ಕೂಡಲಸಂಗಮ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಎಡೆಯಲ್ಲಿ ಬಸವಣ್ಣನವರ ಐಕ್ಯಮಂಟಪವಿದೆ. ಸುತ್ತ ಏರಿದ ಹಿನ್ನೀರನ್ನು ತಡೆಯಲು ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಆಳದಲ್ಲಿರುವ ಮಂಟಪವನ್ನು ಸೇರಬೇಕು. ಮುಂದೆ ಹುನಗುಂದ, ಕೆಂಪು ಕಲ್ಲಿಗೂ ಟೋಪತೆನೆಯ ಸೆರಗಿಗೂ ಹೆಸರಾದ ಇಳಕಲ್ಲು, ಕೋಟೆಯ ಮುದಗಲ್ಲು. ಅಲ್ಲಿಂದ ಒಂದು ಹಾದಿ ಹಿಡಿದರೆ ಮಸ್ಕಿ. ಅಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ‘ದೇವಾನಾಂಪಿಯ’ನ ಜತೆಗೆ ಅಶೋಕನೆಂಬ ಹೆಸರೂ ಇದ್ದುದು ಇತಿಹಾಸಜ್ಞರಿಗೆ ದೊಡ್ಡ ಬೆಳಕಾಯಿತು.

ಈ ಬಯಲುಸೀಮೆಯಲ್ಲಿ ನೆರಳು ಕಡಮೆ, ಬಿಸಿಲು ಕಡುಪು. ಇಲ್ಲಿ ದಾರಿಯನ್ನು ಸಾಗಿಸುವುದು ನೋಟವಲ್ಲ, ಊಟ. ಊರೂರಿನ ಜನರು ಚಪ್ಪರ ಹಾಕಿ ರೊಟ್ಟಿ, ಅನ್ನ, ಮಜ್ಜಿಗೆಗಳನ್ನು ನೀಡುತ್ತಾರೆ; ಬೊಬ್ಬೆಯೆದ್ದ ಕಾಲಿಗೆ ಬಿಸಿನೀರೆರೆದು ಎಣ್ಣೆ ಹಚ್ಚುವವರೂ ಉಂಟು. ಬಂದವನ ಕುಲವನ್ನಾಗಲಿ ಊರನ್ನಾಗಲಿ ಕೇಳುವುದಿಲ್ಲ. ದಾಸೋಹವೆಂಬ ಮಾತಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕುವವರು ಫಾಲ್ಗುಣದ ಈ ಚಪ್ಪರಗಳನ್ನು ಒಮ್ಮೆ ನೋಡಬೇಕು.

ತುಂಗಭದ್ರೆಯನ್ನು ದಾಟಿ ಆತ್ಮಕೂರನ್ನು ಹಾದು ವೆಂಕಟಾಪುರದ ಬಳಿ ನಲ್ಲಮಲದ ಅಡವಿಯನ್ನು ಹೊಕ್ಕರೆ ದಾರಿಯ ಸ್ವರೂಪವೇ ಬದಲಾಗುತ್ತದೆ. ನಾಗಲೂಟಿಯಲ್ಲಿ ವೀರಭದ್ರನ ಹಳೆಯ ಗುಡಿ. ಪೆದ್ದಚೆರುವಿನಲ್ಲಿ ಕಾಡಿನ ನಡುವೆ ವಿಶಾಲವಾದ ಕೆರೆ. ಭೀಮುನಿಕೊಲನಿನಲ್ಲಿ ಆಳವಾದ ಕಣಿವೆ. ಆ ಕಣಿವೆಗಿಳಿದು, ಮತ್ತೆ ಕಡಿದಾದ ಮೆಟ್ಟಿಲುಗಳನ್ನೇರಿ ಕೈಲಾಸದ್ವಾರವನ್ನು ಮುಟ್ಟಬೇಕು. 14ನೆಯ ಶತಮಾನದಲ್ಲಿ ರೆಡ್ಡಿ ಅರಸನಾದ ಪ್ರೋಲಯ ವೇಮನು ಶ್ರೀಶೈಲಕ್ಕೆ ಸೋಪಾನಗಳನ್ನು ಕಟ್ಟಿಸಿದನು. ಇಷ್ಟು ದಿನ ನಡೆದ ಕಾಲು ಆ ಏರಿನಲ್ಲಿ ನಡುಗುತ್ತದೆ, ಆದರೆ ಹಿಂದಿರುಗುವವರಿಲ್ಲ. ಅಕ್ಕಮಹಾದೇವಿಯೂ ಅಲ್ಲಮಪ್ರಭುವೂ ಅರಸಿಬಂದ ಬೆಟ್ಟವಿದೆಂಬ ನೆನಪು ಒಂದೊಂದು ಮೆಟ್ಟಿಲಿನಲ್ಲಿಯೂ ಜತೆಗಿರುತ್ತದೆ.

ಈ ಅಡವಿ ಹುಲಿಗಳ ರಕ್ಷಿತಾರಣ್ಯ. ಜಾತ್ರೆಯ ಕೆಲವು ದಿನಗಳಿಗೆ ಮಾತ್ರ ಯಾತ್ರಿಕರಿಗೆ ತೆರೆಯುತ್ತದೆ. ಬೇಸಗೆಯಲ್ಲಿ ಇಲ್ಲಿಯ ನೀರು ಮೃಗಗಳಿಗೂ ಬೇಕು. ಸಾವಿರಾರು ಮಂದಿ ಕುಡಿದೆಸೆದ ಪ್ಲಾಸ್ಟಿಕ್ ಸೀಸೆಗಳು ಕೆರೆಯ ದಂಡೆಯಲ್ಲಿ ಉಳಿದರೆ ಅದು ಯಾವ ಹರಕೆಯ ಫಲ? ಮಗಳ ಮನೆಗೆ ಹೋಗುವವರು ಅವಳ ಅಂಗಳವನ್ನು ಕೊಳೆಮಾಡುವುದುಂಟೆ? ಒಯ್ದ ಸೀಸೆಯನ್ನು ಮರಳಿ ತರುವುದು ಬುತ್ತಿಯ ಗಂಟಿಗೆ ಭಾರವಾಗುವ ಮಾತಲ್ಲ. ಈ ದಾರಿ ಮುಂದಿನವರಿಗೂ ತೆರೆದಿರಬೇಕಾದರೆ ಈ ಎಚ್ಚರ ಅಗತ್ಯ.

ಶ್ರೀಶೈಲದ ಕೆಳಗೆ, ಕಲ್ಲಿನ ಕಣಿವೆಯಲ್ಲಿ ಪಾತಾಳಗಂಗೆಯಿದೆ. ಅದು ಬೇರೆಯ ಹೊಳೆಯಲ್ಲ. ಜಮಖಂಡಿಯವರು ಊರ ಹತ್ತಿರ ಬಿಟ್ಟುಬಂದ ಕೃಷ್ಣೆಯೇ. ನಡೆಯುವವರು ನೇರವಾಗಿ ಬಂದರು. ಹೊಳೆ ಉತ್ತರಕ್ಕೆ ಬಳಸಿ, ಭೀಮೆಯನ್ನೂ ತುಂಗಭದ್ರೆಯನ್ನೂ ಕೂಡಿಕೊಂಡು ಬಂದಿತು. ಬಸ್ಸಿನಲ್ಲಿ ಒಂದು ರಾತ್ರಿ ಕಣ್ಣುಮುಚ್ಚಿ ಕುಳಿತರೆ ಶ್ರೀಶೈಲವೇನೋ ದೊರೆಯುತ್ತದೆ. ಆದರೆ ಎರಡು ವಾರ ನಡೆದು ಬಂದು ಆ ನೀರಿಗೆ ಕಾಲಿಟ್ಟವನಿಗೆ ತಿಳಿಯುವ ನಾಡಿನ ಅಳತೆ ಬಸ್ಸಿನವನಿಗೆ ತಿಳಿಯಲಾರದು.