ಆರತಿ ತಟ್ಟೆ ಚರ್ಚಿಗೆ ಬಂದ ಬಗೆ



1969ರ ಏಪ್ರಿಲ್‌ನಲ್ಲಿ ರೋಮ್‌ನಿಂದ ಭಾರತದ ಕಥೋಲಿಕ ಬಿಷಪ್ಪರಿಗೆ ಒಂದು ಒಪ್ಪಿಗೆ ಬಂತು. ಅದರಲ್ಲಿದ್ದದ್ದು ಹನ್ನೆರಡು ಅಂಶ. ಬಲಿಪೂಜೆಯ ಹೊತ್ತಿನಲ್ಲಿ ಚಪ್ಪಲಿ ಕಳಚಿಟ್ಟು ನೆಲದ ಮೇಲೆ ಕೂರಬಹುದು. ಮಂಡಿಯೂರುವ ಬದಲು ಕೈಮುಗಿದು ಬಾಗಬಹುದು. ಪವಿತ್ರ ವಸ್ತುಗಳಿಗೆ ಮುತ್ತಿಡುವ ಬದಲು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬಹುದು. ಮೇಣದಬತ್ತಿಯ ಜಾಗಕ್ಕೆ ಎಣ್ಣೆದೀಪ, ಪಾದ್ರಿಯ ಹೆಗಲಿಗೆ ಅಂಗವಸ್ತ್ರ, ಕಾಣಿಕೆಗೆ ಹೂವಿಟ್ಟ ತಟ್ಟೆ, ಧೂಪ, ಆರತಿ, ಪಂಚಾಂಗ ಪ್ರಣಾಮ. ನಿಮಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಅದಕ್ಕೆ ಹತ್ತು ವರ್ಷ ಹಿಂದೆ, ಬೆಂಗಳೂರಾಗಲಿ ಮಂಗಳೂರಾಗಲಿ, ಪಾದ್ರಿಗಳು ಜನರಿಗೆ ಬೆನ್ನು ಮಾಡಿ ನಿಂತು ಲ್ಯಾಟಿನ್‌ನಲ್ಲಿ ಪೂಜೆ ಅರ್ಪಿಸುತ್ತಿದ್ದರು. ಅರ್ಥವಾಗದ ಜನ ಜಪಸರ ಎಣಿಸುತ್ತಿದ್ದರು.

ಈ ಹನ್ನೆರಡು ಅಂಶಗಳ ಹಿಂದೆ ಮೂರೂವರೆ ಶತಮಾನದ ಜಗಳವಿದೆ.

1606ರಲ್ಲಿ ಮದುರೆಗೆ ಬಂದ ಇಟಲಿಯ ಜೆಸ್ಯೂಟ್ ರಾಬರ್ಟೊ ದೆ ನೋಬಿಲಿ ಮಾಂಸ ಬಿಟ್ಟ, ಕಾವಿ ಉಟ್ಟ, ತಮಿಳು ಸಂಸ್ಕೃತ ಎರಡನ್ನೂ ಕಲಿತ. ಕ್ರೈಸ್ತರಾದ ಬ್ರಾಹ್ಮಣರು ಜನಿವಾರ, ಜುಟ್ಟು ಉಳಿಸಿಕೊಂಡರೆ ತಪ್ಪೇನು ಎಂದು ವಾದ ಹೂಡಿದ. 1623ರಲ್ಲಿ ಪೋಪ್ ಹದಿನೈದನೇ ಗ್ರೆಗರಿ ತಪ್ಪಿಲ್ಲ ಎಂದರು. ಆ ಶತಮಾನದ ನಡುವಿಗೆ ಲಿಯೊನಾರ್ಡೊ ಚಿನ್ನಾಮಿ ಎಂಬ ಇನ್ನೊಬ್ಬ ಇಟಲಿಯವ ಅದೇ ಸನ್ಯಾಸಿ ವೇಷದಲ್ಲಿ ಮೈಸೂರು ಸೀಮೆಗೆ ಬಂದ.

ಆದರೆ ತೊಡಕೊಂದಿತ್ತು. ಬ್ರಾಹ್ಮಣರ ಗುರುವಾಗಿ ಬಾಳುವವನು ಹೊಲಗೇರಿಗೆ ಕಾಲಿಡುವಂತಿಲ್ಲ. ಹಾಗಾಗಿ ಕೆಳಜಾತಿಯವರಿಗೆಂದೇ ಪಂಡಾರ ವೇಷದ ಪಾದ್ರಿಗಳ ಇನ್ನೊಂದು ಪಂಗಡ ಹುಟ್ಟಿತು. ಜಾತಿಗೊಬ್ಬ ಪಾದ್ರಿ! ಪಾಂಡಿಚೇರಿಗೆ ಬಂದಿದ್ದ ಪೋಪರ ಪ್ರತಿನಿಧಿ ತೂರ್ನೋ 1704ರಲ್ಲಿ, ಮಿಷನರಿಗಳು ಒಪ್ಪಿಕೊಂಡಿದ್ದ ಇಲ್ಲಿನ ಹಲವು ಆಚಾರಗಳಿಗೆ ತಡೆ ಹಾಕಿದ. ಆ ಆಜ್ಞೆಯಲ್ಲಿ ಇಂಥದೊಂದು ಕಲಮೂ ಇತ್ತು: ಅಸ್ಪೃಶ್ಯರೆನಿಸಿದ್ದ ಪರೆಯರು ಸಾಯಲು ಮಲಗಿದಾಗ ಅವರ ಮನೆಯೊಳಕ್ಕೆ ಹೋಗಿ ಸಂಸ್ಕಾರ ಕೊಡಲು ಪಾದ್ರಿಗಳು ಹಿಂಜರಿಯಕೂಡದು. 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಆ ತಡೆಯನ್ನು ಬಿಗಿ ಮಾಡಿದರು. ಇಂಥ ಆಚಾರಗಳಿಗೆ ಆಸ್ಪದ ಕೊಡುವುದಿಲ್ಲ ಎಂದು ಇಲ್ಲಿಗೆ ಬರುವ ಮಿಷನರಿಗಳು ಪ್ರಮಾಣ ಮಾಡಬೇಕಿತ್ತು. ಆ ಪ್ರಮಾಣ ರದ್ದಾದದ್ದು 1940ರಲ್ಲಿ.

ಪ್ರಾಟೆಸ್ಟೆಂಟರಿಗೆ ಪೋಪರ ಹಂಗಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಆಚಾರದ ವಿಷಯದಲ್ಲಿ ಬಿಗಿ, ನುಡಿಯ ವಿಷಯದಲ್ಲಿ ಧಾರಾಳಿ. ಫರ್ಡಿನಾಂಡ್ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೇ ಹೊಂದಿಸಿದರು. ನಿಘಂಟಿನ ಕಿಟ್ಟೆಲ್ ನಮಗೆ ಗೊತ್ತು. ಈ ಕಿಟ್ಟೆಲ್ಲರನ್ನು ಓದುವವರು ಕಡಿಮೆ.

ಬಾಗಿಲು ಪೂರ್ತಿ ತೆರೆದದ್ದು 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ. ಆಯಾ ನಾಡಿನ ಭಾಷೆಯಲ್ಲೂ ಆರಾಧನೆ ನಡೆಯಬಹುದು, ಬೇರೆ ಧರ್ಮಗಳಲ್ಲಿ ಸತ್ಯವಾದುದನ್ನು ತಳ್ಳಿಹಾಕುವುದು ಬೇಡ ಎಂದು ಅದು ಹೇಳಿತು. ಆ ಮಾತನ್ನು ಇಲ್ಲಿ ಕೈಗೆತ್ತಿಕೊಂಡವರು ಡಿ. ಎಸ್. ಅಮಲೋರ್‌ಪವದಾಸ್. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ಎನ್‌ಬಿಸಿಎಲ್‌ಸಿಯ, ಅಂದರೆ ಬೈಬಲ್, ಧರ್ಮಬೋಧೆ, ಆರಾಧನೆಗಳ ರಾಷ್ಟ್ರೀಯ ಕೇಂದ್ರದ, ಮೊದಲ ನಿರ್ದೇಶಕರು. 1968ರಲ್ಲಿ ಬೆಂಗಳೂರಿನ ಆರ್ಚ್‌ಬಿಷಪ್ ಆದ ಲೂರ್ದುಸಾಮಿಯವರ ತಮ್ಮ. ಹನ್ನೆರಡು ಅಂಶಗಳು ಜನರ ನಡುವೆ ಹರಡಿದ್ದು ಬಹುಮಟ್ಟಿಗೆ ಈ ಕೇಂದ್ರದಿಂದ. ಮುಂದೆ ಅಮಲೋರ್‌ಪವದಾಸ್ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಪ್ರಾಧ್ಯಾಪಕರಾದರು.

ಎರಡೂ ಕಡೆಯಿಂದ ಬೈಗುಳ ಬಿತ್ತು. ಚರ್ಚನ್ನು ದೇವಸ್ಥಾನ ಮಾಡಿಬಿಟ್ಟರು ಎಂದು ಒಳಗಿನವರ ಕೂಗು. ಮತಾಂತರಕ್ಕೆ ಹೊಸ ವೇಷ ಎಂದು ಹೊರಗಿನವರ ಅನುಮಾನ. ಈ ಎರಡೂ ದೂರುಗಳಿಗೆ ಅಂಥ ಬಲವಿದೆ ಎಂದು ನನಗನ್ನಿಸುವುದಿಲ್ಲ. ಬಲವಾದ ಪ್ರಶ್ನೆ ಬೇರೆ ದಿಕ್ಕಿನಿಂದ ಬಂತು.

ಆ ದಿಕ್ಕಿಗೆ ದಾರಿ ಮಾಡಿಕೊಟ್ಟವರೂ ಬೆಂಗಳೂರಿನಲ್ಲೇ ಇದ್ದರು. 1957ರಲ್ಲಿ ಇಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆಂದು ಒಂದು ಕ್ರೈಸ್ತ ಸಂಸ್ಥೆ ಹುಟ್ಟಿತು. ಅದನ್ನು ಬೆಳೆಸಿದವರು ಪಿ. ಡಿ. ದೇವಾನಂದನ್ ಮತ್ತು ಎಂ. ಎಂ. ಥಾಮಸ್. ಅವರಿಗೆ ಸಂಸ್ಕೃತಿ ಎಂದರೆ ದೀಪ ಧೂಪವಲ್ಲ. ಹೊಸದಾಗಿ ಸ್ವತಂತ್ರವಾದ ದೇಶದ ಚುನಾವಣೆ, ಕೂಲಿ, ಜಾತಿ. ಅಲ್ಲಿ ಚರ್ಚಿಗೆ ಏನು ಕೆಲಸ ಎಂಬುದೇ ಅವರ ದೇವಶಾಸ್ತ್ರ.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಒಂದು ಭಾಷಣ ಮಾಡಿದರು. ದಲಿತ ದೇವಶಾಸ್ತ್ರದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಅವರ ಆಕ್ಷೇಪದ ತಿರುಳು ಇಷ್ಟು: ಭಾರತೀಯ ಕ್ರೈಸ್ತ ಚಿಂತನೆ ವೇದಾಂತದ ಜೊತೆಗೇ ಮಾತಾಡುತ್ತ ಬಂದಿದೆ, ಚರ್ಚಿನಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ದಲಿತರು, ಅವರ ಬದುಕು ಅದರಲ್ಲಿ ಎಲ್ಲಿದೆ? ಇಲ್ಲಿಂದ ನೋಡಿದರೆ ಆರತಿಯೂ ಅಂಗವಸ್ತ್ರವೂ ಬೇರೆಯಾಗಿಯೇ ಕಾಣುತ್ತವೆ. ತಲೆಮಾರುಗಳಿಂದ ಗರ್ಭಗುಡಿಯ ಹೊರಗೆ ನಿಂತವರಿಗೆ ಚರ್ಚಿನೊಳಗೆ ಮತ್ತೆ ಅದೇ ಗರ್ಭಗುಡಿಯ ಪರಿಮಳ. ಅಮಲೋರ್‌ಪವದಾಸರ ಶ್ರದ್ಧೆಯನ್ನು ನಾನು ಅನುಮಾನಿಸುವುದಿಲ್ಲ. ಆದರೂ ‘ಭಾರತೀಯ’ ಎಂದು ಆರಿಸುವಾಗ ಆರತಿ ತಟ್ಟೆ ಸಿಕ್ಕಿತು, ತಮಟೆ ಸಿಗಲಿಲ್ಲ ಎಂಬುದು ನಿಜ.

ಅಂಥದೇ ಚರ್ಮವಾದ್ಯ ಚರ್ಚಿನೊಳಕ್ಕೆ ಬಂದದ್ದು ಮದುರೆಯಲ್ಲಿ. ಅಲ್ಲಿನ ತಮಿಳುನಾಡು ಥಿಯಲಾಜಿಕಲ್ ಸೆಮಿನರಿಯ ಥಿಯೋಫಿಲಸ್ ಅಪ್ಪಾವು ಕರ್ನಾಟಕ ಸಂಗೀತದ ಧಾಟಿಯ ಹಳೆಯ ಕೀರ್ತನೆಗಳನ್ನು ಬದಿಗಿಟ್ಟು, ಜಾನಪದ ಮಟ್ಟುಗಳಲ್ಲಿ ಆರಾಧನೆ ಕಟ್ಟಿದರು. ಸಾವಿನ ಮನೆಯ ವಾದ್ಯವೆಂದು ಊರವರು ದೂರ ಇಟ್ಟಿದ್ದ ಪರೈಯನ್ನು ಪೂಜೆಗೆ ತಂದರು. ಪ್ರಭುಭೋಜನವೆಂದರೆ ಒಂದೇ ಮಡಕೆಯಲ್ಲಿ ಬೇಯಿಸಿ ಎಲ್ಲ ಜಾತಿಯವರೂ ಹಂಚಿ ಉಣ್ಣುವುದು ಎಂದು ಅವರು ಕಲಿಸಿದರು. ಪರೈ ಬಾರಿಸಲು ನಾಚುತ್ತಿದ್ದ ದಲಿತ ಕ್ರೈಸ್ತರೂ ಇದ್ದರು. ಬಿಟ್ಟು ಬಂದದ್ದನ್ನೇ ಮತ್ತೆ ಹೊರಿಸುತ್ತಿದ್ದೀರಿ ಎಂಬ ಅವರ ಅಳುಕೂ ಸುಳ್ಳಲ್ಲ.